ಕಂಬದಾಚೆ, ಲಾರಿಯಾಚೆ, ಮಂಜಿನಾಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಣ್ಣಿಗೆ ಅಡ್ಡ ನಿಂತದ್ದರ ಹಿಂದೆ ಏನಿದೆ ಎಂದು ಕ್ಯಾಮೆರಾ, ಪರದೆ, ತಲೆಗೆ ತೊಡುವ ಸಾಧನಗಳ ಮೂಲಕ ತೋರಿಸುವ ಮಿಕ್ಸೆಡ್ ರಿಯಾಲಿಟಿ ತಂತ್ರದ ಬಗ್ಗೆ ಈ ಸಲದ ಪ್ರಶ್ನೆಗಳು. ಹೆಚ್ಚಿನವು ರಸ್ತೆಗೆ ಸಂಬಂಧಿಸಿದವು. ಒಂದೇ ವಿಷಯದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಸರ್ಕಲ್‌ ಹತ್ತಿರ ಬರುವಾಗ ಬೈಕೊಂದು ಎಲ್ಲಿಂದಲೋ ಉದುರಿದಂತೆ ಕಾರಿನ ಮುಂದೆ ಬಂದುಬಿಡುತ್ತದೆ. ಅಷ್ಟು ಹೊತ್ತೂ ಅದು ಮುಂದಿನ ಗಾಜಿನ ಪಕ್ಕದ ಕಂಬದ ಮರೆಯಲ್ಲಿತ್ತೆಂದು ಆಮೇಲೆ ಹೊಳೆಯುತ್ತದೆ. ಆ ಕಂಬವನ್ನೇ ಪಾರದರ್ಶಕ ಮಾಡುವ ಪರದೆ ಬಂದಿದೆಯಂತೆ. ನನ್ನ ಕಾರಿಗೆ ಹಾಕಿಸಬಹುದೇ? (ಕಾರು ಮಾಲೀಕರು, ಮೈಸೂರು)

ಉತ್ತರ: ಮೆಕ್ಯಾನಿಕ್‌ಗಳು ಎ-ಪಿಲ್ಲರ್ ಅನ್ನುವ ಈ ಕಂಬ ಎಷ್ಟನ್ನು ಮರೆಮಾಡುತ್ತದೆ ಎಂಬ ಲೆಕ್ಕ ಮೊದಲು ನೋಡೋಣ. ಕಂಬ 10 ಸೆಂ.ಮೀ. ಅಗಲ, ನಿಮ್ಮ ಕಣ್ಣಿನಿಂದ 70 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. ಒಂದು ಕಣ್ಣು ಮುಚ್ಚಿ ನೋಡಿದರೆ 20 ಮೀಟರ್ ಆಚೆ ಸುಮಾರು 2.9 ಮೀಟರ್ ಅಗಲದ ಜಾಗ ಮಾಯ. ಎರಡೂ ಕಣ್ಣು ತೆರೆದಿದ್ದರೆ, ಕಣ್ಣುಗಳ ನಡುವಿನ ಆರೂವರೆ ಸೆಂ.ಮೀ. ಅಂತರ ನೆರವಿಗೆ ಬಂದು, ಮರೆ ಸುಮಾರು 1.1 ಮೀಟರಿಗೆ ಇಳಿಯುತ್ತದೆ. ಎದುರಿನಿಂದ ಬರುವ ಬೈಕಿನ ಹ್ಯಾಂಡಲ್ ಅಗಲ ಮುಕ್ಕಾಲು ಮೀಟರಿನ ಆಸುಪಾಸು. ಅಂದರೆ ಇಡೀ ಬೈಕು, ಸವಾರನ ಸಮೇತ, ಅದರೊಳಗೆ ಹಿಡಿಸುತ್ತದೆ.

ಹಿಡಿಸಿದರೂ ಒಂದು ಕ್ಷಣದಲ್ಲಿ ಆಚೆ ಬರಬೇಕಲ್ಲ, ಯಾಕೆ ಬರುವುದಿಲ್ಲ? ಎರಡು ವಾಹನಗಳೂ ಒಂದೇ ಜಾಗದತ್ತ ಸ್ಥಿರ ವೇಗದಲ್ಲಿ ಬರುತ್ತಿದ್ದರೆ ಒಂದಕ್ಕೆ ಇನ್ನೊಂದು ಕಾಣುವ ಕೋನ ಬದಲಾಗುವುದೇ ಇಲ್ಲ. ನಿಮ್ಮ ಕಾರು 40 ಕಿ.ಮೀ. ವೇಗದಲ್ಲಿದ್ದು, ಬಲಗಡೆಯ ಅಡ್ಡರಸ್ತೆಯಿಂದ ಬೈಕು 23 ಕಿ.ಮೀ. ವೇಗದಲ್ಲಿ ಬಂದರೆ ಅದು ಸದಾ 30 ಡಿಗ್ರಿ ಕೋನದಲ್ಲಿ, ಅಂದರೆ ಹೆಚ್ಚುಕಡಿಮೆ ಚಾಲಕನ ಪಕ್ಕದ ಕಂಬದ ನೇರದಲ್ಲೇ ಇರುತ್ತದೆ. ಡಿಕ್ಕಿಯಾಗಲಿರುವ ಬೈಕೇ ಮರೆಯಲ್ಲಿ ಉಳಿಯುವುದು ಹೀಗೆ. ಪಾರಾಗಿ ಹೋಗುವ ಬೈಕು ಮರೆಯಿಂದ ತಾನಾಗಿ ಜಾರುತ್ತದೆ.

ಪಾರದರ್ಶಕ ಕಂಬದ ಸುದ್ದಿ ನಿಜ. ಜಾಗ್ವಾರ್ ಲ್ಯಾಂಡ್ ರೋವರ್ 2014ರಲ್ಲಿ ಕಂಬಗಳ ಒಳಮೈಗೆ ಪರದೆ ಹೊದಿಸುವ ಪರಿಕಲ್ಪನೆ ತೋರಿಸಿತು. ಕಾಂಟಿನೆಂಟಲ್ 2018ರಲ್ಲಿ ಬಾಗಿದ ಓಎಲ್‌ಇಡಿ ಪರದೆಯ ಜೊತೆ ಚಾಲಕನ ತಲೆ ಎಲ್ಲಿದೆಯೆಂದು ಗಮನಿಸುವ ಒಳಗ್ಯಾಮೆರಾವನ್ನೂ ಸೇರಿಸಿತು. 2019ರಲ್ಲಿ ಅಮೆರಿಕದ 14 ವರ್ಷದ ವಿದ್ಯಾರ್ಥಿನಿಯೊಬ್ಬಳು ವೆಬ್‌ಕ್ಯಾಮ್, ಪುಟ್ಟ ಪ್ರೊಜೆಕ್ಟರ್, ಬಂದ ದಿಕ್ಕಿಗೇ ಬೆಳಕನ್ನು ಹಿಂದಿರುಗಿಸುವ ಬಟ್ಟೆ ಬಳಸಿ ಇದನ್ನೇ ಮಾಡಿ 25,000 ಡಾಲರ್ ಬಹುಮಾನ ಗೆದ್ದಳು. ಆ ಬಟ್ಟೆಯ ಆಯ್ಕೆ ಜಾಣತನದ್ದು: ಪ್ರೊಜೆಕ್ಟರ್ ಚಾಲಕನ ತಲೆಯ ಹತ್ತಿರವೇ ಇದ್ದರೆ ಚಿತ್ರ ಚಾಲಕನಿಗೆ ಮಾತ್ರ ಪ್ರಖರವಾಗಿ ಕಾಣುತ್ತದೆ, ಪಕ್ಕದವರ ಕಣ್ಣಿಗೆ ಕುಕ್ಕುವುದಿಲ್ಲ.

ಕಷ್ಟವಿರುವುದು ಪರದೆ ಅಂಟಿಸುವುದರಲ್ಲಲ್ಲ. ಕ್ಯಾಮೆರಾ ಒಂದು ಕಡೆ ಇದೆ, ನಿಮ್ಮ ಕಣ್ಣು ಇನ್ನೊಂದು ಕಡೆ. ಕಣ್ಣಿನ ನೇರದಿಂದ ಕ್ಯಾಮೆರಾ 60 ಸೆಂ.ಮೀ. ಪಕ್ಕಕ್ಕಿದ್ದು, ಚಿತ್ರವನ್ನು 20 ಮೀಟರ್ ದೂರಕ್ಕೆ ಹೊಂದಿಸಿದ್ದರೆ, 3 ಮೀಟರ್ ದೂರದಲ್ಲಿ ನಿಂತ ಮನುಷ್ಯ ಇರಬೇಕಾದ ಜಾಗದಿಂದ ಒಂಬತ್ತೂವರೆ ಡಿಗ್ರಿ ಸರಿದುಹೋಗುತ್ತಾನೆ. ಇಡೀ ಕಂಬದ ಅಗಲವೇ 8 ಡಿಗ್ರಿ. ಅಲ್ಲಿಗೆ ಅವನು ಪರದೆಯಲ್ಲೂ ಇಲ್ಲ, ಗಾಜಿನಲ್ಲೂ ಇಲ್ಲ. ತಲೆ 10 ಸೆಂ.ಮೀ. ಅಲುಗಿದರೂ ಹೆಚ್ಚುಕಡಿಮೆ ಇಷ್ಟೇ ತಪ್ಪು. ಅದಕ್ಕೇ ತಲೆಯನ್ನು ಗಮನಿಸುವ ವ್ಯವಸ್ಥೆ ಇಲ್ಲದ ಕಂಬದ ಪರದೆಗೆ ನಾವು ಬೆಲೆ ಕೊಡುವುದಿಲ್ಲ.

ಹೊರಗಿನ ಅಂಗಡಿಯಲ್ಲಿ ಹಾಕಿಸುವುದಂತೂ ಬೇಡವೇ ಬೇಡ. ಪಕ್ಕದ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ಮುಂತುದಿ ಸಾಮಾನ್ಯವಾಗಿ ಇದೇ ಕಂಬದ ಹೊದಿಕೆಯ ಕೆಳಗಿರುತ್ತದೆ. ಅದು ಬಿಚ್ಚಿಕೊಂಡರೆ ಮೇಲೆ ಅಂಟಿಸಿದ ಪರದೆ ನೇರ ಮುಖಕ್ಕೆ ಬಡಿಯುತ್ತದೆ. ಸಾಲದ್ದಕ್ಕೆ ರಾತ್ರಿ ಹೊತ್ತು ಕಣ್ಣಂಚಿನ ಆ ಬೆಳಕು ಹೊರಗಿನ ಕತ್ತಲನ್ನು ಇನ್ನೂ ಕಪ್ಪಾಗಿಸುತ್ತದೆ. ಇವತ್ತೇ ಮಾಡಬಹುದಾದದ್ದು ಇಷ್ಟು: ಅಡ್ಡರಸ್ತೆ ಹತ್ತಿರವಾಗುವಾಗ ಮೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ 10–15 ಸೆಂ.ಮೀ. ವಾಲಿಸಿ. ವೇಗವನ್ನು ತುಸು ಬದಲಿಸಿ, ಆಗ ಮೇಲೆ ಹೇಳಿದ ಸ್ಥಿರ ಕೋನ ಮುರಿಯುತ್ತದೆ. ಮೊಬೈಲ್ ಸ್ಟ್ಯಾಂಡ್ ಕಂಬದ ಪಕ್ಕದಲ್ಲಿದ್ದರೆ ತೆಗೆಯಿರಿ. ಅದು ಕಂಬವನ್ನು ಎರಡರಷ್ಟು ದಪ್ಪ ಮಾಡುತ್ತದೆ.

ಪ್ರಶ್ನೆ: ಲಾರಿಯ ಹಿಂಬದಿಗೆ ದೊಡ್ಡ ಟಿ.ವಿ. ಹಾಕಿ ಮುಂದಿನ ರಸ್ತೆಯನ್ನು ತೋರಿಸುವ ವಿಡಿಯೊ ನೋಡಿದೆ. ನಮ್ಮ ಎರಡು ಲೇನ್‌ ಹೆದ್ದಾರಿಗಳಿಗೆ ಇದು ಯಾಕೆ ಬಂದಿಲ್ಲ? (ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ನೀವು ನೋಡಿದ್ದು ಸ್ಯಾಮ್ಸಂಗ್ 2015ರಲ್ಲಿ ಅರ್ಜೆಂಟೀನಾದಲ್ಲಿ ತೋರಿಸಿದ ಸೇಫ್ಟಿ ಟ್ರಕ್ ಇರಬೇಕು. ಮುಂದೆ ವೈರ್‌ಲೆಸ್ ಕ್ಯಾಮೆರಾ, ಹಿಂಬಾಗಿಲಿನ ಮೇಲೆ ನಾಲ್ಕು ಪರದೆಗಳ ಗೋಡೆ. ನೋಡಲು ಬೆರಗು. ಆದರೆ ಲೆಕ್ಕ ಹಾಕಿದರೆ ಬೆರಗು ಇಳಿಯುತ್ತದೆ.

ಲಾರಿ 50ರಲ್ಲಿದೆ, ನೀವು 70ರಲ್ಲಿ ಓವರ್‌ಟೇಕ್ ಮಾಡುತ್ತೀರಿ. ಹಿಂದೆ ಬಿಟ್ಟ ಅಂತರ, ಲಾರಿಯ ಉದ್ದ, ಮುಂದೆ ಬಿಡಬೇಕಾದ ಅಂತರ, ನಿಮ್ಮ ಕಾರು ಎಲ್ಲ ಸೇರಿ 50 ಮೀಟರ್ ಹೆಚ್ಚುವರಿಯಾಗಿ ಕ್ರಮಿಸಲು 9 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 175 ಮೀಟರ್ ಹೋಗಿರುತ್ತೀರಿ, ಎದುರಿನವನು 70ರಲ್ಲಿದ್ದರೆ ಅವನೂ 175 ಮೀಟರ್ ಬಂದಿರುತ್ತಾನೆ. ಅಂದರೆ 350 ಮೀಟರ್ ಆಚೆಯ ಕಾರು ಪರದೆಯಲ್ಲಿ ಸ್ಪಷ್ಟ ಕಾಣಬೇಕು. 60 ಡಿಗ್ರಿ ನೋಟದ ಲೆನ್ಸು, 2 ಮೀಟರ್ ಅಗಲದ ಪರದೆ ಎಂದರೆ ಆ ಕಾರು ಪರದೆಯ ಮೇಲೆ 8 ಮಿ.ಮೀ. ಅಗಲದ ಚುಕ್ಕಿ. 20 ಮೀಟರ್ ಹಿಂದಿರುವ ಒಳ್ಳೆಯ ಕಣ್ಣಿಗೂ 6 ಮಿ.ಮೀ.ಗಿಂತ ಚಿಕ್ಕ ವಿವರ ಬಿಡಿಸಿ ಕಾಣದು. 120 ಡಿಗ್ರಿಯ ಅಗ್ಗದ ಲೆನ್ಸಾದರೆ 3 ಮಿ.ಮೀ.ಗೂ ಕಡಿಮೆ, ಎದುರಿನ ಕಾರು ಇಲ್ಲವೇ ಇಲ್ಲ. ಖಾಲಿ ರಸ್ತೆ ಎಂದು ತಿಳಿದು ನುಗ್ಗುವ ಅಪಾಯ ಇಲ್ಲಿಯೇ ಇರುವುದು. ಅಗಲ ಲೆನ್ಸು ಎಲ್ಲವನ್ನೂ ಇರುವುದಕ್ಕಿಂತ ದೂರ ತೋರಿಸುತ್ತದೆ ಎಂಬುದು ಇನ್ನೊಂದು ಕಾಟ.

ಹತ್ತಿರದ ವಿಷಯಕ್ಕೆ ಮಾತ್ರ ಈ ಪರದೆ ಉಪಯೋಗಿ. ಲಾರಿ ಯಾಕೆ ನಿಧಾನಿಸಿತು, ಮುಂದೆ ದನ ದಾಟುತ್ತಿದೆಯೋ, ಕೆಟ್ಟು ನಿಂತ ಟ್ರ್ಯಾಕ್ಟರ್ ಇದೆಯೋ ಅನ್ನುವುದು ಹಿಂದಿನವನಿಗೆ ಕಂಡರೆ ಅವನು ಕಾಯುತ್ತಾನೆ. ಕಾಯಲು ಹೇಳುವ ಪರದೆಯಾಗಿ ಒಳ್ಳೆಯದು, ಹೋಗು ಅನ್ನುವ ಪರದೆಯಾಗಿ ಕೆಟ್ಟದ್ದು. ಲಾರಿಯ ಬಲ ಇಂಡಿಕೇಟರ್‌ಗೇ ಒಬ್ಬೊಬ್ಬ ಚಾಲಕ ಒಂದೊಂದು ಅರ್ಥ ಕೊಡುವ ನಮ್ಮ ರಸ್ತೆಯಲ್ಲಿ ಇನ್ನೊಂದು ಗೊಂದಲ ಬೇಡ.

ಪ್ರಶ್ನೆ: ಶಾಲಾ ಮಕ್ಕಳ ಬಸ್ಸು ಓಡಿಸುತ್ತೇವೆ. ಬಂಪರ್ ಮುಂದೆ ನಿಂತ ಚಿಕ್ಕ ಮಕ್ಕಳು ಚಾಲಕನಿಗೆ ಕಾಣುವುದಿಲ್ಲ. ಮುಂಭಾಗದ ಕ್ಯಾಮೆರಾ ಹಾಕಿಸಬೇಕೆಂದಿದ್ದೇವೆ. ಏನೇನು ಬೇಕು, ಎಲ್ಲಿ ಹಾಕಬೇಕು? (ಬಸ್ ಮಾಲೀಕರು, ಹುಬ್ಬಳ್ಳಿ)

ಉತ್ತರ: ಕೊಳ್ಳುವ ಮೊದಲು ಕಾಣದ ಜಾಗವನ್ನು ಅಳೆಯಿರಿ. ಬಸ್ಸನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದಿಡಿ. ಯಾವಾಗಲೂ ಓಡಿಸುವ ಚಾಲಕನೇ ಸೀಟಿನಲ್ಲಿ ಕೂರಲಿ. ಇನ್ನೊಬ್ಬರು 1 ಮೀಟರ್ ಎತ್ತರದ ಕೋಲು ಹಿಡಿದು ಬಂಪರಿನ ಎದುರಿನಿಂದ ದೂರಕ್ಕೆ ಸರಿಯುತ್ತ ಹೋಗಲಿ. ಕೋಲಿನ ತುದಿ ಚಾಲಕನಿಗೆ ಕಂಡ ಕಡೆ ಸೀಮೆಸುಣ್ಣದ ಗುರುತು. ಬಂಪರಿನ ಅಗಲಕ್ಕೂ ಅರ್ಧರ್ಧ ಮೀಟರಿಗೊಮ್ಮೆ ಹೀಗೆ ಮಾಡಿ, ಎಡ ಮೂಲೆಯ ಆಚೆಗೂ ಎರಡು ಗುರುತು ಹಾಕಿ, ಎಲ್ಲ ಸೇರಿಸಿದರೆ ಮರೆಯ ನಕ್ಷೆ ಸಿಗುತ್ತದೆ. ಬಾನೆಟ್ ಮುಂಚಾಚಿದ ಬಸ್ಸಿಗೂ ಚಪ್ಪಟೆ ಮುಖದ ಬಸ್ಸಿಗೂ ಇದು ಬೇರೆಬೇರೆ, ಬೇರೆಯವರ ಅಳತೆ ನಂಬಬೇಡಿ. ಎಡ ಮೂಲೆಯ ಮರೆಯನ್ನು ಒಂದು ಉಬ್ಬು ಕನ್ನಡಿಯೇ ತೋರಿಸಿದರೆ ಮೊದಲು ಅದನ್ನು ಹಾಕಿ. ಕನ್ನಡಿಗೆ ಫ್ಯೂಸು ಹೋಗುವುದಿಲ್ಲ.

ಕ್ಯಾಮೆರಾಕ್ಕೆ ಬೇಕಾದ್ದು: 1080ಪಿ ಎಎಚ್‌ಡಿ (ಅನಲಾಗ್ ಹೈ ಡೆಫಿನಿಷನ್) ಕ್ಯಾಮೆರಾ ಒಂದು, ಅಡ್ಡ ನೋಟ 120 ಡಿಗ್ರಿ, ನೀರಿನ ಜೆಟ್ಟಿಗೂ ಜಗ್ಗದ ಐಪಿ69ಕೆ ದರ್ಜೆಯದು. 9ರಿಂದ 36 ವೋಲ್ಟ್ ತಡೆಯುವ 7 ಇಂಚಿನ ಮಾನಿಟರ್ ಒಂದು. ನಾಲ್ಕು ಪಿನ್ನಿನ, ತಿರುಗಿಸಿ ಬಿಗಿಯುವ ಕನೆಕ್ಟರ್ ಇರುವ 5 ಮೀಟರ್ ಕೇಬಲ್. 3 ಆಂಪಿಯರ್ ಫ್ಯೂಸು. ಕ್ಯಾಮೆರಾವನ್ನು ಬಂಪರಿನಲ್ಲಿಟ್ಟರೆ ಮಳೆಗಾಲದಲ್ಲಿ ಎರಡೇ ಕಿಲೋಮೀಟರಿಗೆ ಕೆಸರು ಮೆತ್ತುತ್ತದೆ. ಮುಂದಿನ ಗಾಜಿನ ಹತ್ತಿರ 2 ಮೀಟರ್ ಎತ್ತರದಲ್ಲಿ, 50 ಡಿಗ್ರಿ ಕೆಳಮುಖವಾಗಿ ಹಾಕಿ. ಮೇಲೆ ಕೆಳಗೆ 66 ಡಿಗ್ರಿ ನೋಟವಿದ್ದರೆ ಕ್ಯಾಮೆರಾದ ನೇರ ಕೆಳಗಿನ ಕಾಲು ಮೀಟರಿನಿಂದ ಆರೂವರೆ ಮೀಟರಿನವರೆಗಿನ ನೆಲ ಸಿಗುತ್ತದೆ. ಬಂಪರಿನ ಅಂಚು ಚಿತ್ರದ ತಳದಲ್ಲಿ ತುಸುವೇ ಕಾಣುವಂತೆ ಬಿಗಿಯಿರಿ. ಆ ಅಂಚಿಲ್ಲದಿದ್ದರೆ ಮಗು ಎಷ್ಟು ಹತ್ತಿರವಿದೆ ಎಂದು ಚಾಲಕನಿಗೆ ಅಂದಾಜಾಗದು.

ಮಾನಿಟರನ್ನು ಡ್ಯಾಶ್‌ಬೋರ್ಡಿನ ನಡುವೆ ಅಲಂಕಾರಕ್ಕೆ ಇಡುವವರೇ ಹೆಚ್ಚು. ಚಾಲಕ ಗಾಡಿ ಎತ್ತುವ ಮುನ್ನ ಯಾವ ಕಡೆ ನೋಡುತ್ತಾನೋ ಆ ಕಡೆಗೆ, ಎಡ ಕನ್ನಡಿಗೆ ಹೋಗುವ ನೋಟದ ದಾರಿಯಲ್ಲಿರಲಿ. ಆದರೆ ಮಕ್ಕಳು ದಾಟುವ ಜಾಗವನ್ನು ಅದೇ ಮರೆಮಾಡಬಾರದು.

ಕೆಡುವುದು ಸಾಮಾನ್ಯವಾಗಿ ವೈರಿಂಗ್‌ನಲ್ಲಿ. 24 ವೋಲ್ಟಿನ ಬಸ್ಸಿಗೆ 12 ವೋಲ್ಟಿನ ಕ್ಯಾಮೆರಾವನ್ನು ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ಮಾನಿಟರಿನಿಂದಲೇ ಕ್ಯಾಮೆರಾಕ್ಕೆ ವಿದ್ಯುತ್ ಹೋಗುವ ಮಾದರಿ ಆರಿಸಿ. ಬಸ್ಸಿನ ಬಣ್ಣ ಹೊಡೆದ ಲೋಹದ ಮೈಗೆ ಅರ್ತ್ ಕೊಟ್ಟರೆ ಪರದೆಯಲ್ಲಿ ಅಡ್ಡಗೆರೆಗಳು ಹರಿದಾಡುತ್ತವೆ. ಅರ್ತನ್ನು ಮಾನಿಟರಿನ ಅರ್ತ್ ಇರುವಲ್ಲಿಗೇ ತನ್ನಿ. ಫ್ಯೂಸು ವಿದ್ಯುತ್ ತೆಗೆದುಕೊಂಡ ಕಡೆ ಇರಬೇಕು, ಮಾನಿಟರಿನ ಕಡೆಯಲ್ಲ. ಕನೆಕ್ಟರನ್ನು ಒಳಗೇ ಇಟ್ಟು, ಹೊರಗಿನ ಕೇಬಲ್ಲನ್ನು ತೂತಿಗಿಂತ ಕೆಳಗೆ ಒಮ್ಮೆ ಬಾಗಿಸಿ ಒಳಗೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಚಿತ್ರ ಬಾರದಿದ್ದರೆ ಅಥವಾ ಕಪ್ಪುಬಿಳುಪಾಗಿ ಉರುಳಿದರೆ ಮಾನಿಟರಿನ ಎಎಚ್‌ಡಿ ಸೆಟ್ಟಿಂಗ್ ಕ್ಯಾಮೆರಾಕ್ಕೆ ಹೊಂದಿಲ್ಲ ಎಂದರ್ಥ. ರಿವರ್ಸ್ ಕ್ಯಾಮೆರಾವನ್ನೇ ಮುಂದೆ ಹಾಕಿದ್ದರೆ ಎಡಬಲ ಅದಲುಬದಲಾಗಿರುತ್ತದೆ. ಮುಂದಿನ ಚಿತ್ರ ಕನ್ನಡಿಯಂತೆ ತಿರುಗಿರಬಾರದು. ಬಸ್ಸಿಗೆ ಮುಖ ಮಾಡಿ ನಿಂತು ಎಡಗೈ ಎತ್ತಿ ಪರೀಕ್ಷಿಸಿ, ಆ ಕೈ ಪರದೆಯ ಬಲಗಡೆ ಕಾಣಬೇಕು.

ಸೆಲ್ಫ್ ಹೊಡೆದಾಗ ಬ್ಯಾಟರಿ ಕುಸಿದು ಮಾನಿಟರ್ ಆರಿ ಮತ್ತೆ ಹೊತ್ತಿಕೊಳ್ಳಲು ಕೆಲವು ಸೆಕೆಂಡು ಹಿಡಿಯುತ್ತದೆ. ಮಗು ಮುಂದೆ ನುಸುಳಲು ಅಷ್ಟು ಸಾಕು. ಅಮೆರಿಕದಲ್ಲಿ ಕಾರುಗಳ ರಿವರ್ಸ್ ಚಿತ್ರ 2 ಸೆಕೆಂಡಿನೊಳಗೆ ಬರಲೇಬೇಕೆಂಬ ನಿಯಮ 2018ರಿಂದ ಪೂರ್ಣ ಜಾರಿಯಲ್ಲಿದೆ. ನಿಮ್ಮ ಚಾಲಕರಿಗೆ ಇದೇ ಕಟ್ಟುನಿಟ್ಟು: ಚಿತ್ರ ಬಂದ ಮೇಲೆಯೇ ಗೇರ್. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅಥವಾ ಸಹಾಯಕರನ್ನು ಕ್ಯಾಮೆರಾ ಬಂತೆಂದು ಬಿಡಿಸಬೇಡಿ. ಲೆನ್ಸನ್ನು ಬೆಳಿಗ್ಗೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸುವ ಕೆಲಸವೂ ಅವರದೇ ಇರಲಿ.

ಪ್ರಶ್ನೆ: ಹೊಸ ಎಸ್‌ಯುವಿಗಳಲ್ಲಿ ಬಾನೆಟ್ಟಿನ ಕೆಳಗಿನ ನೆಲವೇ ಕಾಣುತ್ತದಲ್ಲ, ಕೆಳಗೆ ಕ್ಯಾಮೆರಾ ಇರುತ್ತದೆಯೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಮತ್ತು ಪಕ್ಕದ ಕ್ಯಾಮೆರಾಗಳು ಕ್ಷಣದ ಹಿಂದೆ ಕಂಡ ನೆಲವನ್ನು ನೆನಪಿನಲ್ಲಿಟ್ಟು, ಚಕ್ರ ಉರುಳಿದಷ್ಟು ಸರಿಸಿ ತೋರಿಸುತ್ತವೆ. 2019ರ ರೇಂಜ್ ರೋವರ್ ಇವೋಕ್‌ನಲ್ಲಿ ಬಂದದ್ದು ಈ ಬಗೆಯದೇ. ಕಲ್ಲು, ಹೊಂಡಕ್ಕೆ ಇದು ಸಾಕು. ಅವು ಎದ್ದು ಓಡುವುದಿಲ್ಲ. ಗಾಡಿ ನಿಂತ ಮೇಲೆ ಕೆಳಗೆ ನುಗ್ಗಿದ ನಾಯಿಮರಿ ಆ ಚಿತ್ರದಲ್ಲಿ ಬರುವುದೇ ಇಲ್ಲ. ನಿಂತ ಗಾಡಿ ಎತ್ತುವ ಮುನ್ನ ಇಳಿದು ಬಗ್ಗಿ ನೋಡಿ.

ಪ್ರಶ್ನೆ: ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಥರ್ಮಲ್ ಕ್ಯಾಮೆರಾ ದಾರಿ ತೋರಿಸುತ್ತದೆಯೇ? (ಟ್ಯಾಕ್ಸಿ ಚಾಲಕರು, ಉಜಿರೆ)

ಉತ್ತರ: ಹೊಗೆಗೂ ಮಂಜಿಗೂ ವ್ಯತ್ಯಾಸವಿದೆ. ಥರ್ಮಲ್ ಕ್ಯಾಮೆರಾ ಹಿಡಿಯುವುದು 8ರಿಂದ 14 ಮೈಕ್ರಾನ್ ಅಲೆಯುದ್ದದ ಶಾಖವನ್ನು. ಹೊಗೆಯ ಕಣಗಳು ಹೆಚ್ಚಾಗಿ ಇದಕ್ಕಿಂತ ಬಹಳ ಸಣ್ಣವು, ಶಾಖ ನುಸುಳಿ ಬರುತ್ತದೆ. ಮಂಜಿನ ಹನಿಗಳು ಹೆಚ್ಚುಕಡಿಮೆ ಇದೇ ಗಾತ್ರದವು ಅಥವಾ ದೊಡ್ಡವು, ಶಾಖವನ್ನೂ ತಡೆಯುತ್ತವೆ. ತೆಳು ಮಂಜಿನಲ್ಲಿ ದನವೋ ಮನುಷ್ಯನೋ ಕಣ್ಣಿಗಿಂತ ಮೊದಲು ಕಾಣಬಹುದು, ದಟ್ಟ ಮಂಜಿನಲ್ಲಿ ಲಾಭ ಅಲ್ಪ. ಮಳೆ ಹುಯ್ದು ರಸ್ತೆ, ತಡೆಗೋಡೆ, ಬಂಡೆ ಎಲ್ಲ ಒಂದೇ ಉಷ್ಣತೆಗೆ ಬಂದರೆ ರಸ್ತೆಯ ಅಂಚು ಚಿತ್ರದಲ್ಲಿ ಕರಗಿಹೋಗುತ್ತದೆ. ಅದನ್ನು ಮುಂದಿನ ಗಾಜಿನ ಒಳಗೆ ಹಾಕಿದರಂತೂ ಏನೂ ಕಾಣದು, ಗಾಜು ಈ ಶಾಖವನ್ನು ಬಿಡುವುದೇ ಇಲ್ಲ. ಹೊರಗೆ ಗ್ರಿಲ್ಲಿನಲ್ಲಿ, ಜರ್ಮೇನಿಯಮ್‌ನಂಥ ಲೆನ್ಸಿನೊಂದಿಗೆ ಇರಬೇಕು. ಮಂಜು ತೂರಬಲ್ಲದ್ದು 77 ಗಿಗಾಹರ್ಟ್ಸ್ ರಡಾರ್, ಆದರೆ ಅದು ಕೊಡುವುದು ಚಿತ್ರವಲ್ಲ, ಮುಂದೆ ಏನೋ ಇದೆ ಎಂಬ ಸೂಚನೆ.

ಚಿತ್ರವೇ ಬೇಕೆಂದೂ ಇಲ್ಲ. ಉತ್ತರ ಭಾರತದ ಮಂಜಿನಲ್ಲಿ ರೈಲು ಚಾಲಕರಿಗೆ ಕೊಡುವ ಜಿಪಿಎಸ್ ಫಾಗ್ ಸೇಫ್ ಸಾಧನ ಮುಂದಿನ ಸಿಗ್ನಲ್ ಯಾವುದು, ಎಷ್ಟು ದೂರ ಎಂದಷ್ಟೇ ಹೇಳುತ್ತದೆ, ಕೆಂಪೋ ಹಸಿರೋ ಹೇಳುವುದಿಲ್ಲ. ಎಲ್ಲಿ ಕಣ್ಣು ನೆಡಬೇಕೆಂದು ಗೊತ್ತಾಗುವುದೇ ದೊಡ್ಡ ನೆರವು. ಬಣ್ಣವನ್ನೂ ಇಂಜಿನ್ನೊಳಗೆ ತೋರಿಸುವುದು ರೈಲು ಡಿಕ್ಕಿ ತಪ್ಪಿಸುವ ಕವಚ್ ವ್ಯವಸ್ಥೆ.

ಪ್ರಶ್ನೆ: ಕ್ವೆಸ್ಟ್, ವಿಷನ್ ಪ್ರೊ ತರಹದ ಹೆಡ್‌ಸೆಟ್ ತೊಟ್ಟು ಕಾರು ಓಡಿಸಿದರೆ ಕಂಬ, ಬಾಗಿಲು ಎಲ್ಲದರ ಆಚೆಯೂ ಕಾಣುವಂತೆ ಮಾಡಬಹುದಲ್ಲ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಬೇಡ. ಈ ಹೆಡ್‌ಸೆಟ್‌ಗಳಲ್ಲಿ ನೀವು ನೋಡುವುದೆಲ್ಲ ಕ್ಯಾಮೆರಾ ಚಿತ್ರ; ಬ್ಯಾಟರಿ ಅಥವಾ ಸಾಫ್ಟ್‌ವೇರ್ ಕೈಕೊಟ್ಟ ಕ್ಷಣ ಮುಂದೆ ಕಗ್ಗತ್ತಲು. ಮೈಕ್ರೊಸಾಫ್ಟ್‌ನ ಹೊಲೊಲೆನ್ಸ್ 2ರಂತೆ ಗಾಜಿನ ಮೂಲಕ ನೇರ ಕಾಣುವ ಬಗೆಯಲ್ಲಿ ಆ ಭಯವಿಲ್ಲ, ಆದರೆ ಅದರ ಚಿತ್ರ ಮೂಲೆಯಿಂದ ಮೂಲೆಗೆ 52 ಡಿಗ್ರಿ ಮಾತ್ರ, ಬಿಸಿಲಿಗೆ ಮಸುಕು. ಎರಡಕ್ಕೂ ಸಾಮಾನ್ಯವಾದ ತೊಂದರೆ ಇನ್ನೊಂದಿದೆ. ಕಾರಿನೊಳಗೆ ಹೆಡ್‌ಸೆಟ್ಟಿನ ಕ್ಯಾಮೆರಾಗಳು ಸೀಟು, ಡ್ಯಾಶ್‌ಬೋರ್ಡ್ ನೋಡಿ ನಾವು ನಿಂತಿದ್ದೇವೆ ಅನ್ನುತ್ತವೆ, ಚಲನೆಯ ಸೆನ್ಸರು ತಿರುವಿನಲ್ಲಿ ತಿರುಗುತ್ತಿದ್ದೇವೆ ಅನ್ನುತ್ತದೆ. ಜಗಳದಲ್ಲಿ ಚಿತ್ರ ತೇಲಿಹೋಗುತ್ತದೆ. ಹಡಗಿನಂಥ ಚಲಿಸುವ ಜಾಗಗಳಿಗೆಂದು ಮೈಕ್ರೊಸಾಫ್ಟ್ ಬೇರೆಯದೇ ಮೋಡ್ ಕೊಡಬೇಕಾಯಿತು. ಎಫ್-35 ಯುದ್ಧವಿಮಾನದಲ್ಲಿ ಮೈಸುತ್ತ ಆರು ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಪೈಲಟ್ ಕಾಲಡಿಯ ನೆಲವನ್ನೂ ಹೆಲ್ಮೆಟ್‌ನಲ್ಲಿ ನೋಡುವಂತೆ ಮಾಡಿದ್ದಾರೆ. ಅಷ್ಟು ಹಣ ಸುರಿದಲ್ಲೂ ಮೊದಮೊದಲು ಚಿತ್ರ ನಡುಗುವುದು, ತಡವಾಗುವುದು, ರಾತ್ರಿ ಹಸಿರು ಬೆಳಕು ಹಬ್ಬುವುದು ಇದ್ದೇ ಇತ್ತು.

ಪ್ರಶ್ನೆ: ಹೊಗೆ ತುಂಬಿದ ಕಟ್ಟಡದಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ಇಂಥ ಕನ್ನಡಕ ಇದೆಯೇ? (ಸ್ವಯಂಸೇವಕರು, ಮಂಗಳೂರು)

ಉತ್ತರ: ಇದೆ. ಅಮೆರಿಕದ ಕ್ವೇಕ್ ಟೆಕ್ನಾಲಜೀಸ್‌ನ ಸಿ-ಥ್ರೂ ಎಂಬುದು ಹೆಲ್ಮೆಟ್‌ಗೆ ಸಿಕ್ಕಿಸುವ ಸಾಧನ. ಥರ್ಮಲ್ ಚಿತ್ರದಿಂದ ಬಾಗಿಲು, ಮೆಟ್ಟಿಲು, ಮನುಷ್ಯರ ಅಂಚುಗಳನ್ನಷ್ಟೇ ಹೊಳೆಯುವ ಗೆರೆಗಳಾಗಿ ಬರೆದು ಕಣ್ಣಿನ ಮುಂದೆ ಇಡುತ್ತದೆ. ಎರಡೂ ಕೈ ಖಾಲಿ ಇರುವುದೇ ಮುಖ್ಯ ಲಾಭ. ಕೈಯಲ್ಲಿ ಹಿಡಿಯುವ ಥರ್ಮಲ್ ಕ್ಯಾಮೆರಾಕ್ಕೂ ಇದಕ್ಕೂ ಮಿತಿಗಳು ಒಂದೇ: ಕಿಟಕಿ ಗಾಜು, ನಯವಾದ ಸ್ಟೀಲ್ ಬೀರು ಕನ್ನಡಿಯಾಗುತ್ತವೆ, ನಿಮ್ಮದೇ ದೇಹದ ಶಾಖ ಒಳಗೆ ಯಾರೋ ಇದ್ದಂತೆ ತೋರುತ್ತದೆ. ಕೈ ಬೀಸಿ ನೋಡಿ, ಅದೂ ಬೀಸಿದರೆ ನೀವೇ. ಗೋಡೆಯ ಆಚೆ, ಹೊದಿಕೆಯ ಕೆಳಗೆ ಮಲಗಿದವರು ಕಾಣುವುದಿಲ್ಲ. ಚಿತ್ರ ಚೆನ್ನಾಗಿದೆಯೆಂದು ಎದ್ದು ನಡೆಯುವುದು ಹೊಸಬರು ಮಾಡುವ ತಪ್ಪು. ಮೇಲಿನ ಗಾಳಿಯ ಕಾವು ಪರದೆಯಲ್ಲಿ ಕಾಣದು. ತಗ್ಗಿ, ಒಂದು ಕೈ ಗೋಡೆಯ ಮೇಲಿಟ್ಟೇ ಮುಂದುವರಿಯಬೇಕು, ಸಾಧನ ಆರಿದರೆ ಹಿಂದಿರುಗುವ ದಾರಿ ಆ ಕೈಗೆ ಗೊತ್ತಿರುತ್ತದೆ.

ಪ್ರಶ್ನೆ: ಕಾರಿಗೆ ಹಾಕಿಸಿದ ಕ್ಯಾಮೆರಾದ ಚಿತ್ರ ತಡವಾಗಿ ಬರುತ್ತಿದೆ ಅನ್ನಿಸುತ್ತದೆ. ಅಳೆಯುವುದು ಹೇಗೆ? (ಓದುಗರು, ಬಳ್ಳಾರಿ)

ಉತ್ತರ: ಎರಡು ಮೊಬೈಲ್ ಸಾಕು. ಒಂದನ್ನು ಕ್ಯಾಮೆರಾ ಎದುರು ಟಾರ್ಚ್ ಆರಿಸಿ ಹಿಡಿಯಿರಿ. ಇನ್ನೊಂದರಲ್ಲಿ ಆ ಟಾರ್ಚೂ ಮಾನಿಟರೂ ಒಟ್ಟಿಗೆ ಬರುವಂತೆ ಸೆಕೆಂಡಿಗೆ 240 ಫ್ರೇಮಿನ ಸ್ಲೋ-ಮೋಶನ್ ತೆಗೆಯುತ್ತ, ಮೊದಲಿನದರ ಟಾರ್ಚ್ ಹೊತ್ತಿಸಿ. ಟಾರ್ಚ್ ಹೊತ್ತಿದ ಫ್ರೇಮಿನಿಂದ ಮಾನಿಟರಿನಲ್ಲಿ ಬೆಳಕು ಕಂಡ ಫ್ರೇಮಿನವರೆಗೆ ಎಣಿಸಿ, 240ರಿಂದ ಭಾಗಿಸಿ. 24 ಫ್ರೇಮ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ; 40 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಕಾರು 1.1 ಮೀಟರ್ ಸಾಗಿರುತ್ತದೆ. ಕನ್ನಡಿಯ ಬದಲು ಬರುವ ಕ್ಯಾಮೆರಾ-ಮಾನಿಟರ್‌ಗಳಿಗೆ ವಿಶ್ವಸಂಸ್ಥೆಯ 46ನೇ ವಾಹನ ನಿಯಮ ಇಟ್ಟ ಮಿತಿ 200 ಮಿಲಿಸೆಕೆಂಡು, ಅಂದರೆ 48 ಫ್ರೇಮ್. ಹತ್ತು ಸಲ ಅಳೆದು ಅತಿ ಕೆಟ್ಟ ಅಂಕಿಯನ್ನು ಹಿಡಿಯಿರಿ, ಸರಾಸರಿಯನ್ನಲ್ಲ. ರಾತ್ರಿ ಇನ್ನೊಮ್ಮೆ ಅಳೆಯಿರಿ, ಕತ್ತಲಲ್ಲಿ ಕ್ಯಾಮೆರಾ ಬೆಳಕಿಗಾಗಿ ಹೆಚ್ಚು ಹೊತ್ತು ಕಾಯುವುದರಿಂದ ತಡ ಬೆಳೆಯುತ್ತದೆ. ವೈಫೈ ಮೂಲಕ ಮೊಬೈಲಿಗೆ ಚಿತ್ರ ಕಳಿಸುವ ಕ್ಯಾಮೆರಾಗಳ ತಡ ಒಂದೊಂದು ಸಲ ಒಂದೊಂದು. ಅವುಗಳಲ್ಲಿ ಚಿತ್ರ ಸ್ತಬ್ಧವಾಗಿ ನಿಂತುಬಿಟ್ಟರೂ ಖಾಲಿ ರಸ್ತೆಯಂತೆಯೇ ಕಾಣುತ್ತದೆ. ಹಾಗಾಗಿ ವೈರಿನದೇ ಹಾಕಿಸಿ. ನಿಮ್ಮದು ವೈಫೈಯದಾಗಿದ್ದರೆ ಸೆಕೆಂಡು ಓಡುವ ಗಡಿಯಾರ ಪರದೆಯ ಮೂಲೆಯಲ್ಲಿ ಕಾಣುವಂತೆ ಸೆಟ್ಟಿಂಗ್ ಇದೆಯೇ ನೋಡಿ. ಗಡಿಯಾರವನ್ನು ಕ್ಯಾಮೆರಾವೇ ಚಿತ್ರದ ಮೇಲೆ ಬರೆಯುತ್ತಿರಬೇಕು, ಮೊಬೈಲ್ ಆ್ಯಪ್ ಬರೆದದ್ದಾದರೆ ಚಿತ್ರ ನಿಂತರೂ ಅದು ಓಡುತ್ತಲೇ ಇರುತ್ತದೆ.